ವಸಂತ ಋತುವಿನಲ್ಲಿ ಕಪ್ಪೆ ಹಾವುಗಳ ಶೋಧ

ವಸಂತ ಋತುವೆಂದ ಕೂಡಲೆ ಕಾವ್ಯಗಳನ್ನೋದಿದವರಿಗೆ ಮಾವಿನ ಚಿಗುರೂ ಕೋಗಿಲೆಯ ಕೂಗೂ ಮಲ್ಲಿಗೆಯ ಪರಿಮಳವೂ ನೆನಪಿಗೆ ಬರುವವು. ಕಪ್ಪೆ, ಓತಿಕ್ಯಾತ, ಹಾವು, ಆಮೆ, ಮೊಸಳೆಗಳನ್ನು ಆಗ ಯಾರೂ ನೆನೆಯರು. ಆದರೂ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾವು ಅನಾದರಕ್ಕೆ ಗುರಿಯಾದ ಈ ಜೀವಿಗಳನ್ನೇ ವಿಷಯವಾಗಿ ಆರಿಸಿಕೊಂಡೆವು. ಅದಕ್ಕೆ ಕಾರಣವಿದೆ. ಆ ಕಾರಣವನ್ನು ಮೊದಲು ಹೇಳುವದು ಯೋಗ್ಯವು.

ಕೆಲವು ವರ್ಷಗಳ ಹಿಂದೆ ನಮ್ಮ ವಸತಿಗೃಹದಲ್ಲಿದ್ದ ಒಂಬತ್ತನೆಯ ಇಯತ್ತೆಯ ಒಬ್ಬ ಬಾಲಿಕೆಯು ವಾರ್ಷಿಕ ಪರೀಕ್ಷೆಯ ವಿಜ್ಞಾನದ ಪತ್ರಿಕೆಯಲ್ಲಿ ಬಹು ಒಳ್ಳೆಯ ಉತ್ತರಗಳನ್ನು ಬರೆದಿದ್ದಳು. ಕಪ್ಪೆಯ ಹೃದಯಕ್ಕೆ ಮೂರು ಕೋಣೆಗಳೆಂತಲೂ ಮೊಸಳೆಯ ಹೃದಯಕ್ಕೆ ನಾಲ್ಕು ಕೋಣೆಗಳೆಂತಲೂ ಆಕೆ ತಪ್ಪಿಲ್ಲದೆ ಹೇಳಿದ್ದಳು. ನಾಗರಹಾವು, ಕೊಳಕುಮಂಡಲ, ಗರಗಸಮಂಡಲ, ಕಟ್ಟುಹಾವು ಎಂದು ವಿಷಸರ್ಪಗಳ ನಾಲ್ಕು ಹೆಸರುಗಳನ್ನೂ ಸಾಲಾಗಿ ಬರೆದಿದ್ದಳು. ನಾವು ಪೂರ್ಣ ಗುಣಗಳನ್ನು ಕೊಟ್ಟೆವು. ಅದೇ ವರ್ಷದ ಜೂನ ತಿಂಗಳಲ್ಲಿ, ಕಬ್ಬಿನ ಹೊಲದ ಮಗ್ಗುಲಿನ ಮನೆಯಲ್ಲಿ ನೆಲದ ಮೇಲೆ ಮಲಗಿದ್ದ ಆಕೆಯ ತಮ್ಮನು ಬೆಳಗಿನ ಜಾವದಲ್ಲಿ ಹೊಟ್ಟೆನೋವೆಂದು ಎದ್ದು ಕುಳಿತನು. ಗಾಯವು ಕಾಣಲಿಲ್ಲ, ಬಾವೂ ಇರಲಿಲ್ಲ. ಅಜೀರ್ಣವೆಂದು ತಿಳಿದು ಮನೆಯವರು ಓಮಿನ ನೀರನ್ನು ಕುಡಿಸಿದರು. ಹುಡುಗನ ಕಣ್ಣಿನ ರೆಪ್ಪೆಗಳು ಜೋಲುಬಿದ್ದಾಗ ದೃಷ್ಟಿ ತಾಗಿದೆಯೆಂದು ದಾರವನ್ನು ಕಟ್ಟಿಸಿದರು. ದವಾಖಾನೆಯನ್ನು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಅವನನ್ನು ಕಚ್ಚಿದ್ದು ಕಟ್ಟುಹಾವು.

ರಜೆ ಮುಗಿಸಿ ಮರಳಿ ಬಂದ ಬಾಲಿಕೆಯು ಒಂದು ಸಂಜೆ ನಮ್ಮ ಬಳಿಗೆ ಬಂದು, "ಅಕ್ಕಾವರೇ, ಆ ಹಾವಿನ ಹೆಸರನ್ನು ನಾನು ಬರೆದಿದ್ದೆ. ಅದು ನಮ್ಮ ಮನೆಯೊಳಗೂ ಬರುತ್ತದೆಂದು ನನಗೆ ಗೊತ್ತಿರಲಿಲ್ಲ" ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ತಪ್ಪು ಆಕೆಯದಾಗಿರಲಿಲ್ಲ; ಹೆಸರನ್ನು ಕಲಿಸಿ ಜೀವಿಯನ್ನು ಕಲಿಸದೆ ಬಿಟ್ಟ ನಮ್ಮದಾಗಿತ್ತು. ಅಂದಿನಿಂದ ಪ್ರತಿ ವರ್ಷ ಫಾಲ್ಗುಣ ಚೈತ್ರಗಳ ಸಂಧಿಯಲ್ಲಿ ಒಂಬತ್ತನೆಯ ಇಯತ್ತೆಯ ಬಾಲಿಕೆಯರನ್ನು ಕರೆದುಕೊಂಡು ನಾವು ಈ ಜೀವಿಗಳನ್ನು ಹುಡುಕಲು ಹೊರಡುವ ಪದ್ಧತಿ ನಡೆದುಬಂದಿದೆ. ಈ ವರ್ಷ ನಾವು ಹೋದದ್ದು ಅಥಣಿ ತಾಲೂಕಿನ ಸತ್ತಿ ಗ್ರಾಮಕ್ಕೆ.

ಸತ್ತಿಯು ಕೃಷ್ಣಾ ತೀರದ ಊರು. ಮಹಾಬಳೇಶ್ವರದ ಬೆಟ್ಟಗಳಲ್ಲಿ ಹುಟ್ಟಿ, ಕರಾಡದ ಬಳಿ ಕೊಯ್ನೆಯನ್ನು ಕೂಡಿಕೊಂಡು, ಸಾಂಗಲಿಯನ್ನು ದಾಟಿ ಬರುವ ಹೊಳೆಯು ಈ ಸೀಮೆಯ ಜೀವಾಳವಾಗಿದೆ. ಮಳೆಯ ನೆರಳಿನ ನಾಡಾದದ್ದರಿಂದ ಇಲ್ಲಿ ಮಳೆ ಸ್ವಲ್ಪ. ಆದರೆ ಹೊಳೆಯ ನೀರಿನಿಂದ ಕಬ್ಬು ಹುಲುಸಾಗಿ ಬೆಳೆಯುವದು. ಒಂದೇ ಊರಿನ ಎಲ್ಲೆಯೊಳಗೆ ಬಿರುಕುಬಿಟ್ಟ ಎರೆಭೂಮಿಯೂ ತಂಪಾದ ಕಬ್ಬಿನ ಹೊಲವೂ ಕಲ್ಲುಗುಂಡುಗಳ ದಿಬ್ಬವೂ ಉಸುಕಿನ ದಂಡೆಯೂ ಆಳವಾದ ಮಡುವೂ ದೊರೆಯುವದರಿಂದ, ನಮ್ಮ ಶೋಧಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳವು ಬೇರೆ ಬೇಕಾಗಿರಲಿಲ್ಲ.

ಇಲ್ಲಿ ವಾಚಕರು ಒಂದು ಪ್ರಶ್ನೆಯನ್ನು ಕೇಳಬಹುದು. ಕಪ್ಪೆಗಳನ್ನು ನೋಡಬೇಕಾದರೆ ಮಳೆಗಾಲದಲ್ಲಿ ಹೋಗಬಾರದೆ? ವಸಂತದಲ್ಲಿ ಏಕೆ? ವಿಲಾಯತಿಯಿಂದ ಬಂದ ಸೃಷ್ಟಿಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಒಂದು ಉತ್ತರವಿದೆ. ಆ ದೇಶಗಳಲ್ಲಿ ಚಳಿಗಾಲವೆಲ್ಲ ಹಿಮದ ಕೆಳಗೆ ನಿದ್ರಿಸಿದ ಕಪ್ಪೆ ಹಾವುಗಳು ವಸಂತದ ಬಿಸಿಲು ಬಿದ್ದೊಡನೆ ಎದ್ದು ಬರುವವು. ಕಪ್ಪೆಗಳು ಕೆರೆಗಳಲ್ಲಿ ಮೊಟ್ಟೆಯಿಡುವವು. ಆದದ್ದರಿಂದ ಅಲ್ಲಿ ವಸಂತವೇ ಶೋಧದ ಕಾಲ. ನಮ್ಮ ನಾಡಿನಲ್ಲಿ ಸ್ಥಿತಿಯು ತೀರ ಬೇರೆ. ನಮ್ಮ ಕಪ್ಪೆಗಳು ಚಳಿಗಂಜಿ ಮಲಗುವದಿಲ್ಲ, ಬಿಸಿಲಿಗಂಜಿ ಮಲಗುವವು. ಅಲ್ಲಿ ಕಪ್ಪೆಗಳು ಏಳುವ ತಿಂಗಳಲ್ಲಿಯೇ ಇಲ್ಲಿಯ ಕಪ್ಪೆಗಳು ನೆಲದೊಳಗೆ ಅಡಗಿರುವವು. ಹೀಗಿದ್ದರೂ ವಸಂತವೇ ನಮಗೂ ಒಳ್ಳೆಯ ಕಾಲವಾಗುವದಕ್ಕೆ ಬೇರೆ ಕಾರಣಗಳಿವೆ.

ಉಭಯಚರಗಳಾಗಲಿ ಸರೀಸೃಪಗಳಾಗಲಿ ನಮ್ಮಂತೆ ತಮ್ಮ ಮೈಯೊಳಗಿಂದಲೇ ಬೇಕಾದಷ್ಟು ಶಾಖವನ್ನು ಹುಟ್ಟಿಸಿಕೊಳ್ಳಲಾರವು. ಬಿಸಿಲು, ಕಲ್ಲು, ಮಣ್ಣು, ನೀರು ಇವುಗಳಿಂದ ಶಾಖವನ್ನು ಪಡೆಯುವವು. ಶಾಖವು ಹೆಚ್ಚಾದರೆ ನೆರಳಿಗೆ ಸರಿಯುವವು. ಅದರಲ್ಲಿಯೂ ಕಪ್ಪೆಯ ತೊಗಲು ತೆಳುವಾದದ್ದು. ಅದು ತೊಗಲಿನಿಂದಲೂ ಉಸಿರಾಡುವದು, ತೊಗಲಿನಿಂದಲೇ ನೀರನ್ನು ಹೀರಿಕೊಳ್ಳುವದು. ತೊಗಲು ಒಣಗಿತೆಂದರೆ ಕಪ್ಪೆಯು ಸಾಯುವದು. ಮಳೆಗಾಲದಲ್ಲಿ ಎಲ್ಲೆಲ್ಲಿಯೂ ತೇವವಿರುವದರಿಂದ ಈ ಜೀವಿಗಳು ಎಲ್ಲಿ ಬೇಕೆಂದರಲ್ಲಿ ಹರಡಿಕೊಂಡಿರುವವು. ವಸಂತ ಗ್ರೀಷ್ಮಗಳಲ್ಲಿ ತೇವವೂ ನೆರಳೂ ಕೆಲವೇ ಸ್ಥಳಗಳಲ್ಲಿ ಉಳಿಯುವದರಿಂದ ಅವು ಆ ಕೆಲವು ಸ್ಥಳಗಳಿಗೆ ಬಂದು ಸೇರುವವು. ಆ ಸ್ಥಳಗಳು ಯಾವುವು? ಬಾವಿ, ಪಂಪಿನ ಕಾಲುವೆ, ಬಚ್ಚಲು, ನೀರಿನ ಹರವಿಯ ಅಡಿ, ಕಟ್ಟಿಗೆಯ ಒಟ್ಟಿಲು, ಬಣವಿಯ ಬುಡ, ಕಬ್ಬಿನ ರವದಿಯ ರಾಶಿ. ಎಂದರೆ, ನಮ್ಮ ತಾಯಂದಿರೂ ಅಕ್ಕತಂಗಿಯರೂ ದಿನಾಲು ಕೈಯಿಕ್ಕುವ ಸ್ಥಳಗಳೇ. ಇವುಗಳ ವಾಸವನ್ನು ತಿಳಿಯುವದು ಹೆಣ್ಣುಮಕ್ಕಳಿಗೆ ಎಷ್ಟು ಅವಶ್ಯಕವೆಂಬದು ಇದರಿಂದಲೇ ವ್ಯಕ್ತವಾಗುವದು. ಇನ್ನೊಂದು ಕಾರಣವೆಂದರೆ, ವಸಂತವು ಓತಿ, ಹಾವು, ಮೊಸಳೆಗಳಿಗೆ ಸಂತಾನದ ಕಾಲ. ಕಬ್ಬು ಕಡಿದು ಹೊಲ ಬಯಲಾಗಿರುವದು, ಹುಲ್ಲು ಒಣಗಿರುವದು, ನೋಡುವ ಕಣ್ಣಿಗೆ ಮರೆಯು ಕಡಿಮೆ.

ಹೊರಡುವ ಮುನ್ನ ನಾವು ಕೆಲವು ನಿಯಮಗಳನ್ನು ಹಾಕಿಕೊಂಡೆವು. ಕಾಲಿಗೆ ಮುಚ್ಚಿದ ಬೂಟುಗಳಿರಬೇಕು. ಕೈಯಲ್ಲಿ ಉದ್ದವಾದ ಕೋಲಿರಬೇಕು. ಅದು ಹೊಡೆಯುವದಕ್ಕಲ್ಲ, ರವದಿಯನ್ನು ಸರಿಸುವದಕ್ಕೆ. ಕಣ್ಣು ಹೋಗದ ಸ್ಥಳಕ್ಕೆ ಕೈ ಹೋಗಬಾರದು. ಕಲ್ಲನ್ನು ಎತ್ತುವದಾದರೆ ಆಚೆಯ ಅಂಚನ್ನು ಕೋಲಿನಿಂದ ಮೀಟಿ ತಮ್ಮ ಕಡೆಗೆ ವಾಲಿಸಬೇಕು. ಆಗ ಕೆಳಗಿನ ಜೀವಿಯು ಆಚೆಗೆ ಓಡುವದು, ಕಲ್ಲು ನಮಗೆ ಮರೆಯಾಗುವದು. ನೋಡಿದ ಬಳಿಕ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು. ಏಕೆಂದರೆ ಅದು ಒಂದು ಜೀವಿಯ ಮನೆಯ ಮಾಳಿಗೆ. ಯಾವ ಪ್ರಾಣಿಯನ್ನೂ ಹಿಡಿಯಬಾರದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಉಡ, ಮೊಸಳೆ, ನಾಗರಹಾವು ಮೊದಲಾದವುಗಳನ್ನು ಹಿಡಿಯುವದೂ ಕೊಲ್ಲುವದೂ ಅಪರಾಧವು. ನೋಡಿದ್ದನ್ನು ವಹಿಯಲ್ಲಿ ಬರೆಯಬೇಕು: ಎಲ್ಲಿ, ಎಷ್ಟು ಹೊತ್ತಿಗೆ, ಬಿಸಿಲಿನಲ್ಲಿಯೋ ನೆರಳಿನಲ್ಲಿಯೋ, ಏನು ಮಾಡುತ್ತಿತ್ತು. ಬೆಳಗಿನ ಏಳರಿಂದ ಒಂಬತ್ತು ಗಂಟೆಯ ವರೆಗೆ ಓತಿಗಳೂ ಹಾವುಗಳೂ ಬಿಸಿಲು ಕಾಯಿಸಲು ಹೊರಬರುವದರಿಂದ ಅದೇ ನಮ್ಮ ಮುಖ್ಯ ಸಮಯವಾಗಿತ್ತು.

ಊರ ಹೊರಗಿನ ಬೇಲಿಯಲ್ಲಿಯೇ ಮೊದಲನೆಯ ಪಾಠವು ದೊರೆಯಿತು. ಜಾಲಿಯ ಗೂಟದ ಮೇಲೆ ಒಂದು ಗಂಡು ಓತಿಕ್ಯಾತವು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ಅದರ ತಲೆಯೂ ಕೊರಳೂ ಕೆಂಡದಂತೆ ಕೆಂಪಾಗಿದ್ದವು. ಓತಿಕ್ಯಾತವು ದೂರದಿಂದಲೇ ಮನುಷ್ಯರ ರಕ್ತವನ್ನು ಹೀರುವದರಿಂದ ಕೆಂಪಾಗುವದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದರ ದೆಸೆಯಿಂದ ಹುಡುಗರು ಅದಕ್ಕೆ ಕಲ್ಲೆಸೆದು ಕೊಲ್ಲುವದೂ ಉಂಟು. ನಿಜವಾಗಿ ಆ ಕೆಂಪು ಬಣ್ಣವು ಗಂಡಿನ ಮದುವಣಿಗನ ಪೋಷಾಕು. ಹೆಣ್ಣನ್ನು ಕರೆಯುವದಕ್ಕೂ ಇತರ ಗಂಡುಗಳನ್ನು ಬೆದರಿಸುವದಕ್ಕೂ ಅದು ಈ ಋತುವಿನಲ್ಲಿ ಮಾತ್ರ ಮೂಡುವದು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿಯೆಂಬ ಗಾದೆಯನ್ನು ನಾವು ಸುಳ್ಳು ಸಾಕ್ಷಿಯ ವಿಷಯದಲ್ಲಿ ಬಳಸುವೆವು; ಆದರೆ ಅಂದು ಆ ಬೇಲಿಯು ಸತ್ಯವನ್ನೇ ನುಡಿಯಿತು. ಅರ್ಧ ಗಂಟೆ ಕುಳಿತು ನೋಡಿದ ಬಾಲಿಕೆಯರ ರಕ್ತ ಒಂದು ಹನಿಯೂ ಕಡಿಮೆಯಾಗಲಿಲ್ಲ. ಓತಿಕ್ಯಾತವು ಮಾತ್ರ ನಾಲ್ಕು ಇರುವೆಗಳನ್ನೂ ಒಂದು ಮಿಡತೆಯನ್ನೂ ನುಂಗಿತು.

ಬೇಲಿಯನ್ನು ದಾಟಿ ಕಲ್ಲುದಿಬ್ಬಕ್ಕೆ ಏರಿದಾಗ ಇನ್ನೂ ಸುಂದರವಾದ ಒಂದು ಓತಿ ಕಂಡಿತು. ಮಣ್ಣಿನ ಬಣ್ಣದ, ಗೇಣುದ್ದವೂ ಇಲ್ಲದ ಪ್ರಾಣಿ. ಅದು ಒಂದು ಕಲ್ಲಿನ ಮೇಲೆ ಮುಂಗಾಲುಗಳನ್ನೂರಿ ನಿಂತು, ಗಂಟಲಿನ ಕೆಳಗಿನ ತೊಗಲನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚಿತು. ಬಿಚ್ಚಿದಾಗ ನೀಲಿ, ಕಪ್ಪು, ಕಿತ್ತಳೆ ಬಣ್ಣಗಳು ಮಿಂಚಿದವು. ಮುಚ್ಚಿದಾಗ ಮತ್ತೆ ಮಣ್ಣೇ ಕಂಡಿತು. ಈ ಬೀಸಣಿಗೆಯು ಗಂಡಿಗೆ ಮಾತ್ರ ಇರುವದು. ವಸಂತದಿಂದ ಮಳೆ ಬೀಳುವ ವರೆಗೆ ಇದರ ಪ್ರದರ್ಶನವು ನಡೆಯುವದು. ಇಂಥ ಓತಿಗಳನ್ನೆಲ್ಲ ಬಹುಕಾಲದ ವರೆಗೆ ಒಂದೇ ಕುಲಕ್ಕೆ ಸೇರಿಸಿದ್ದರು. ೨೦೧೬ರಲ್ಲಿ ಭಾರತೀಯ ಸಂಶೋಧಕರು ದಖ್ಖನದ ಕಡೆಯ ಬಣ್ಣದ ಬೀಸಣಿಗೆಯ ಓತಿಗಳು ಬೇರೆಯೆಂದು ತೋರಿಸಿ, ಅವುಗಳಿಗಾಗಿ ಹೊಸ ಕುಲವನ್ನು ಸ್ಥಾಪಿಸಿ, ಅದಕ್ಕೆ 'ಸರಡ' ಎಂದು ಹೆಸರಿಟ್ಟರು. ಓತಿಗೆ ಮರಾಠಿಯಲ್ಲಿ ಸರಡಾ ಎನ್ನುವರಷ್ಟೆ. ಗಡಿಸೀಮೆಯ ನಮ್ಮ ಬಾಲಿಕೆಯರು ಮನೆಯಲ್ಲಿ ಕೇಳುವ ಮಾತೊಂದು ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿ ಸೇರಿತೆಂದು ತಿಳಿದಾಗ ಅವರಿಗಾದ ಆನಂದವು ಅಷ್ಟಿಷ್ಟಲ್ಲ.

ಆ ಬಳಿಕ ನಾವು ಕಪ್ಪೆಗಳನ್ನು ಹುಡುಕುತ್ತ ಎರೆಹೊಲಕ್ಕೆ ಇಳಿದೆವು. ಕಾಲು ಸಿಕ್ಕುವಷ್ಟು ಅಗಲವಾದ ಬಿರುಕುಗಳನ್ನು ನೋಡಿ, ಇಲ್ಲಿ ಕಪ್ಪೆಯಿರಲಾರದೆಂದು ಬಾಲಿಕೆಯರು ವಾದಿಸಿದರು. ನಮ್ಮೊಡನೆ ಬಂದಿದ್ದ ಆ ಹೊಲದ ಮುದಿಯಜ್ಜನು ನಕ್ಕು, ಹಿಂದಿನ ದಿನ ತಾನು ಕಾಲುವೆ ತೋಡುವಾಗ ಸಿಕ್ಕಿದ್ದನ್ನು ತೋರಿಸುವೆನೆಂದು ಕರೆದೊಯ್ದನು. ಮೊಳದಾಳದ ತೇವದ ಮಣ್ಣಿನಲ್ಲಿ ಲಿಂಬೆಹಣ್ಣಿನಷ್ಟು ದಪ್ಪನಾದ ಒಂದು ಬಿಲಗಪ್ಪೆಯು ಕಾಲುಗಳನ್ನು ಮಡಚಿ ಕಣ್ಣುಗಳನ್ನು ಮುಚ್ಚಿ ಕುಳಿತಿತ್ತು. ಈ ಜಾತಿಯ ಕಪ್ಪೆಗೆ ಹಿಂಗಾಲಿನ ಅಡಿಯಲ್ಲಿ ಸಲಿಕೆಯಂಥ ಗಟ್ಟಿಯಾದ ಗುಬುಟು ಇರುವದು. ಅದರಿಂದ ಮಣ್ಣನ್ನು ಕೆರೆಯುತ್ತ ಹಿಂದುಹಿಂದಕ್ಕೆ ಸರಿದು ಅದು ನೆಲದೊಳಗೆ ಇಳಿಯುವದು. ಒಳಗೆ ಉಸಿರನ್ನೂ ಹೃದಯದ ಬಡಿತವನ್ನೂ ನಿಧಾನಗೊಳಿಸಿ, ಮೈಯಲ್ಲಿ ಕೂಡಿಸಿಟ್ಟ ಕೊಬ್ಬಿನ ಮೇಲೆ ತಿಂಗಳುಗಟ್ಟಲೆ ಕಾಲ ಕಳೆಯುವದು. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಎದ್ದು ಬಂದು, ತಗ್ಗಿನಲ್ಲಿ ನಿಂತ ನೀರಿನಲ್ಲಿ ಮೊಟ್ಟೆಯಿಡುವದು. ಅದೇ ಮಳೆಗೆ ದೊಡ್ಡ ಗಂಡುಕಪ್ಪೆಗಳು ಅರಿಷಿಣ ಹಚ್ಚಿದಂತೆ ಹಳದಿಯಾಗಿ, ಗಲ್ಲದ ಎರಡೂ ಕಡೆಗೆ ನೀಲಿ ಚೀಲಗಳನ್ನುಬ್ಬಿಸಿ ಕೂಗುವದನ್ನು ನಮ್ಮ ಬಾಲಿಕೆಯರು ಊರಲ್ಲಿ ನೋಡಿದ್ದರು. ಆದರೆ ಆ ಕಪ್ಪೆಗಳು ಅಲ್ಲಿಯ ವರೆಗೆ ಎಲ್ಲಿದ್ದವೆಂದು ಅವರು ಎಂದೂ ಕೇಳಿರಲಿಲ್ಲ. ಅಜ್ಜನು ತಾನೇ ತೇವದ ಮಣ್ಣನ್ನು ಮುಚ್ಚಿ ಕಪ್ಪೆಯನ್ನು ಮತ್ತೆ ಮಲಗಗೊಟ್ಟನು.

ಎಲ್ಲ ಕಪ್ಪೆಗಳೂ ಹೀಗೆ ನಿದ್ರಿಸುವದಿಲ್ಲ. ಬಾವಿಯ ನೀರಿನ ಮೇಲೆ ಕಣ್ಣುಗಳನ್ನಷ್ಟೆ ತೋರಿಸುತ್ತ ಹತ್ತಾರು ನೀರುಗಪ್ಪೆಗಳು ತೇಲುತ್ತಿದ್ದವು. ಒಂದು ಹರಳನ್ನು ಬೀಳಿಸಿದೊಡನೆ ಅವು ನೀರಿನ ಮೇಲೆಯೇ ಪುಟಪುಟನೆ ಜಿಗಿಯುತ್ತ ಆಚೆಗೆ ಹೋದವು. ನೀರು ಬತ್ತದ ಸ್ಥಳದಲ್ಲಿ ಇವು ವರ್ಷವೆಲ್ಲ ಎಚ್ಚರವಾಗಿರುವವು. ಅಜ್ಜನ ಮನೆಯ ಹರವಿಯ ಕೆಳಗೆ ಒಂದು ನೆಲಗಪ್ಪೆಯಿತ್ತು. ಇದರ ಮೈಯ ಗಂಟುಗಳನ್ನು ಮುಟ್ಟಿದರೆ ನಮಗೂ ಗಂಟುಗಳೇಳುವವೆಂಬದು ಸುಳ್ಳು. ಆದರೆ ಅದರ ಕಣ್ಣಿನ ಹಿಂದಿನ ಗ್ರಂಥಿಗಳಲ್ಲಿ ಉರಿಯುವ ರಸವಿರುವದರಿಂದ ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣಿಗೆ ಹಚ್ಚಬಾರದು. ಬಚ್ಚಲಿನ ಗೋಡೆಗೆ ಅಂಟಿಕೊಂಡು ಮರಗಪ್ಪೆಯೊಂದು ಕುಳಿತಿತ್ತು. ಬೆರಳುಗಳ ತುದಿಯ ಬಿಲ್ಲೆಗಳಿಂದ ನುಣುಪಾದ ಗೋಡೆಯನ್ನೂ ಅದು ಏರಬಲ್ಲದು. ಮನೆಯ ಹೆಣ್ಣುಮಗಳು ಅದನ್ನು ಕಸಬರಿಗೆಯಿಂದ ಹೊರಗೆ ನೂಕುವದು ವಾಡಿಕೆಯಾಗಿತ್ತಂತೆ. ಬೇಸಿಗೆಯ ಬಿಸಿಲಿಗೆ ನೂಕಲ್ಪಟ್ಟ ಮರಗಪ್ಪೆಯ ತೊಗಲು ಬೇಗನೆ ಒಣಗುವದೆಂದು ನಮ್ಮ ಬಾಲಿಕೆಯೊಬ್ಬಳು ತಿಳಿಸಿ ಹೇಳಿದಾಗ ಆಕೆ, "ಹಂಗಾದ್ರ ಇರ್ಲಿ ಬಿಡವ್ವಾ, ಮಳಿ ಬರೂತನಕ" ಎಂದಳು.

ಕಪ್ಪೆಯ ಉಪಕಾರವನ್ನು ರೈತನು ಮರೆಯಬಾರದು. ಅದು ರಾತ್ರಿಯೆಲ್ಲ ಬೆಳೆಯ ಹುಳುಗಳನ್ನು ತಿನ್ನುವದು. ಒಂದು ಕಾಲಕ್ಕೆ ನಮ್ಮ ದೇಶದಿಂದ ಕಪ್ಪೆಯ ಕಾಲುಗಳನ್ನು ಪರದೇಶದ ಊಟದ ಮೇಜುಗಳಿಗೆ ಕಳಿಸುತ್ತಿದ್ದರು. ಕಪ್ಪೆಗಳು ಕಡಿಮೆಯಾದರೆ ಹುಳುಗಳು ಹೆಚ್ಚುವವೆಂಬ ವಾದವು ಬಲವಾಗಿ, ೧೯೮೭ರಲ್ಲಿ ಸರಕಾರವು ಆ ವ್ಯಾಪಾರವನ್ನು ನಿಲ್ಲಿಸಿತು. ಈಗ ಅವುಗಳಿಗೆ ಹೊಲದ ವಿಷೌಷಧಗಳೂ ತಗ್ಗುಗಳನ್ನು ಮುಚ್ಚಿ ಮಾಡಿದ ಸಮತಲವೂ ಕಂಟಕವಾಗಿವೆ.

ಇನ್ನು ಹಾವುಗಳ ವಿಷಯ. ಜೀವಂತ ಹಾವನ್ನು ಹುಡುಕಿಸಿ ತೋರಿಸುವದು ನಮ್ಮ ಉದ್ದೇಶವಲ್ಲ. ಹಾವಿನ ಪೊರೆಯೇ ನಮ್ಮ ಪಾಠಪುಸ್ತಕ. ಹಾವು ಬೆಳೆಯುತ್ತ ತನ್ನ ಹೊರತೊಗಲನ್ನು ಮೂತಿಯಿಂದ ಬಾಲದ ವರೆಗೆ ಕಾಲುಚೀಲದಂತೆ ತಿರುವಿ ಕಳಚುವದು. ಬಣ್ಣವು ಅದರಲ್ಲಿ ಹೆಚ್ಚಾಗಿ ಉಳಿಯದಿದ್ದರೂ ಹುರುಪೆಗಳ ಆಕಾರವೆಲ್ಲ ಉಳಿದಿರುವದು. ರವದಿಯ ರಾಶಿಯ ಬುಡದಲ್ಲಿ ಆರಡಿಗೂ ಮೀರಿದ ಒಂದು ಪೊರೆಯು ದೊರೆಯಿತು, ಅದು ಕೇರೆಹಾವಿನದು. ಕೇರೆಯು ವಿಷವಿಲ್ಲದ್ದು, ಕಬ್ಬಿನ ಹೊಲದ ಇಲಿಗಳನ್ನು ತಿಂದು ರೈತನಿಗೆ ಸಂಬಳವಿಲ್ಲದ ಚಾಕರಿ ಮಾಡುವದು. ವಸಂತದಲ್ಲಿ ಎರಡು ಕೇರೆಗಳು ಹೆಣೆದುಕೊಂಡು ಮೇಲಕ್ಕೆದ್ದು ಆಡುವದನ್ನು ಕಂಡು ಜನರು ಅದನ್ನು ಗಂಡುಹೆಣ್ಣಿನ ಕೂಟವೆಂದೂ, ಕೆಲವರು ಕೇರೆ ನಾಗರಗಳ ಕೂಟವೆಂದೂ ತಿಳಿಯುವರು. ನಿಜವಾಗಿ ಅದು ಎರಡು ಗಂಡು ಕೇರೆಗಳ ಕುಸ್ತಿ. ಒಂದು ಇನ್ನೊಂದನ್ನು ನೆಲಕ್ಕೊತ್ತಿ ಗೆಲ್ಲುವದು, ಕಚ್ಚುವದಿಲ್ಲ. ಸೋತದ್ದು ಸುಮ್ಮನೆ ಸರಿದುಹೋಗುವದು. ಕೇರೆಗೂ ನಾಗರಕ್ಕೂ ಯಾವ ಸಂಬಂಧವೂ ಇಲ್ಲ.

ಗುಲಾಬಿಯ ಕುಂಡಗಳ ಕೆಳಗೆ ಎರೆಹುಳದಂತೆ ತೋರುವ, ಆದರೆ ಉಂಗುರಗಳಿಲ್ಲದೆ ಹೊಳೆಯುವ ಒಂದು ಸಣ್ಣ ಕುರುಡುಹಾವು ನಮ್ಮ ಶಾಲೆಯ ಅಂಗಳದಲ್ಲಿಯೂ ಇದೆ. ಅದು ಇರುವೆಗಳ ಮೊಟ್ಟೆಗಳನ್ನೂ ಗೆದ್ದಲುಗಳನ್ನೂ ತಿಂದು ಬದುಕುವದು. ಈ ಜಾತಿಯಲ್ಲಿ ಗಂಡೇ ಇಲ್ಲ, ಎಲ್ಲವೂ ಹೆಣ್ಣುಗಳೇ, ಗಂಡಿನ ಸಹಾಯವಿಲ್ಲದೆ ಮೊಟ್ಟೆಯಿಡುವವು. ಹೂವಿನ ಕುಂಡಗಳ ಮಣ್ಣಿನಲ್ಲಿ ಪ್ರವಾಸ ಮಾಡಿ ಅವು ಜಗತ್ತಿನ ಅನೇಕ ಖಂಡಗಳನ್ನು ಮುಟ್ಟಿವೆ. ಹೊಲದ ಮಣ್ಣುಮುಕ್ಕ ಹಾವಿಗೆ ಎರಡು ತಲೆಗಳೆಂದೂ, ಅದು ಮನೆಯಲ್ಲಿದ್ದರೆ ಧನಲಾಭವೆಂದೂ ನಂಬಿಸಿ ಲಕ್ಷಗಟ್ಟಲೆ ಹಣಕ್ಕೆ ಮಾರುವ ಮೋಸಗಾರರಿದ್ದಾರೆ. ಅದರ ಬಾಲವು ಮೊಂಡಾಗಿ ತಲೆಯಂತೆ ತೋರುವದಷ್ಟೆ. ಅದನ್ನು ಕೊಂಡವನಿಗೆ ಧನವು ಬಂದದ್ದಿಲ್ಲ, ಸೆರೆಮನೆ ಬಂದದ್ದುಂಟು.

ಅಂದಿನ ಶೋಧದಲ್ಲಿ ನಾವು ಎಲ್ಲಕ್ಕೂ ಹೆಚ್ಚು ಹೊತ್ತನ್ನು ಕಳೆದದ್ದು ಕಟ್ಟಿಗೆಯ ಒಟ್ಟಿಲಿನ ಬಳಿಯಲ್ಲಿ ದೊರೆತ ಇನ್ನೊಂದು ತುಂಡು ಪೊರೆಯೊಡನೆ. ಅದರ ಬೆನ್ನಿನ ನಡುಸಾಲಿನ ಹುರುಪೆಗಳು ಮಗ್ಗುಲಿನ ಹುರುಪೆಗಳಿಗಿಂತ ದೊಡ್ಡವಾಗಿ ಆರು ಮೂಲೆಗಳುಳ್ಳವಾಗಿದ್ದವು. ಇದು ಕಟ್ಟುಹಾವಿನ ಗುರುತು. ಮರಾಠಿಯವರು ಮಣ್ಯಾರವೆನ್ನುವದು ಇದನ್ನೇ. ಜೀವಂತವಾಗಿ ಕಂಡಾಗ ಇದು ಹೊಳೆಯುವ ಕಪ್ಪು ಬಣ್ಣದ್ದು. ಮೈಮೇಲೆ ತೆಳುವಾದ ಬಿಳಿಯ ಪಟ್ಟೆಗಳು ಹೆಚ್ಚಾಗಿ ಜೋಡಿಜೋಡಿಯಾಗಿದ್ದು, ಕೊರಳಿನ ಕಡೆಗೆ ಮಾಸಿ ಬಾಲದ ಕಡೆಗೆ ಸ್ಪಷ್ಟವಾಗುವವು. ಇದನ್ನೇ ಹೋಲುವ ವಿಷವಿಲ್ಲದ ತೋಳಹಾವಿಗೆ ಪಟ್ಟೆಗಳು ಕೊರಳಿನಿಂದಲೇ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುವವು. ಕಟ್ಟುಹಾವು ಹಗಲು ಒಟ್ಟಿಲುಗಳಲ್ಲಿ ಬಿಲಗಳಲ್ಲಿ ಅಡಗಿದ್ದು, ರಾತ್ರಿ ಹಲ್ಲಿ, ಇಲಿ, ಇತರ ಹಾವುಗಳನ್ನು ಹುಡುಕುತ್ತ ಮನೆಯೊಳಗೆ ಬರುವದು. ನೆಲದ ಮೇಲೆ ಮಲಗಿದವರು ಹೊರಳಿದಾಗ ಅದಕ್ಕೆ ತಾಗಿದರೆ ಕಚ್ಚುವದು. ಆ ಕಡಿತದಲ್ಲಿ ನೋವು ಬಹಳವಿಲ್ಲ, ಬಾವು ಇಲ್ಲ. ಹೊಟ್ಟೆನೋವು, ರೆಪ್ಪೆ ಜೋಲುವಿಕೆ, ನುಂಗಲಾಗದಿರುವಿಕೆ ಇವೇ ಲಕ್ಷಣಗಳು. ತಮ್ಮನನ್ನು ಕಳೆದುಕೊಂಡ ಬಾಲಿಕೆಯು ಈಗ ಕಾಲೇಜಿನಲ್ಲಿ ಓದುತ್ತಿದ್ದು, ಅಂದು ನಮಗೆ ಸಹಾಯಕ್ಕಾಗಿ ಬಂದಿದ್ದಳು. ಆ ಪೊರೆಯನ್ನು ಅಂಗೈಯ ಮೇಲಿಟ್ಟುಕೊಂಡು ಕಿರಿಯರಿಗೆ ಹುರುಪೆಗಳನ್ನು ಎಣಿಸಿ ತೋರಿಸಿದವಳು ಅವಳೇ. ನಾವು ಹಿಂದೆ ಸರಿದು ನಿಂತೆವು.

ಹಾವಿನ ಕಡಿತದ ವಿಷಯದಲ್ಲಿ ೨೦೨೦ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಮೇರೆಗೆ, ೨೦೦೦ದಿಂದ ೨೦೧೯ರ ವರೆಗೆ ನಮ್ಮ ದೇಶದಲ್ಲಿ ಸುಮಾರು ೧೨ ಲಕ್ಷ ಜನರು ಹಾವು ಕಚ್ಚಿ ಸತ್ತಿದ್ದಾರೆ. ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦. ಅವರಲ್ಲಿ ಕಾಲುಭಾಗಕ್ಕೂ ಹೆಚ್ಚು ೧೫ ವರ್ಷಗಳೊಳಗಿನ ಮಕ್ಕಳು. ಅರ್ಧದಷ್ಟು ಮರಣಗಳು ಜೂನದಿಂದ ಸಪ್ಟಂಬರದ ವರೆಗಿನ ಮಳೆಗಾಲದವು. ವಸಂತದಲ್ಲಿ ಪಾಠ ಕಲಿತರೆ ಮಳೆಗಾಲದಲ್ಲಿ ಪ್ರಾಣ ಉಳಿಯುವದೆಂದು ನಾವು ಹೇಳುವದು ಇದಕ್ಕಾಗಿಯೇ. ಕರ್ನಾಟಕ ಸರಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ದವಾಖಾನೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಸಾರಿತು. ಅದೇ ವರ್ಷ ಕೇಂದ್ರ ಸರಕಾರವು ಈ ಮರಣಗಳನ್ನು ೨೦೩೦ರೊಳಗೆ ಅರ್ಧಕ್ಕೆ ಇಳಿಸುವ ಯೋಜನೆಯನ್ನು ಪ್ರಕಟಿಸಿತು. ಮನೆಯಲ್ಲಿ ಮಾಡಬೇಕಾದದ್ದು ಬಹಳವಿಲ್ಲ. ಹೊರಸಿನ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಕಟ್ಟಿ, ಅದರ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿಯಿರಬೇಕು. ಕಟ್ಟಿಗೆ, ಕುಳ್ಳು, ರವದಿಗಳನ್ನು ಮನೆಯ ಗೋಡೆಗೆ ಹಚ್ಚಿ ಒಟ್ಟಬಾರದು. ಕಚ್ಚಿದರೆ ಕುಯ್ಯಬಾರದು, ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ರೋಗಿಯನ್ನು ನಡೆಸದೆ, ನೆಟ್ಟಗೆ ದವಾಖಾನೆಗೆ ಒಯ್ಯಬೇಕು. ಗಾಯ ಕಾಣದಿದ್ದರೂ, ನೆಲದ ಮೇಲೆ ಮಲಗಿದವನಿಗೆ ಬೆಳಗಿನ ಜಾವದಲ್ಲಿ ಕಾರಣವಿಲ್ಲದೆ ಹೊಟ್ಟೆನೋವೂ ರೆಪ್ಪೆಯ ಜೋಲುವಿಕೆಯೂ ಉಂಟಾದರೆ ಕಟ್ಟುಹಾವನ್ನು ನೆನೆಯಬೇಕು. ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೂ ಒಂದೇ ಪ್ರತಿವಿಷವು ದೊರೆಯುವದರಿಂದ ಹಾವನ್ನು ಕೊಂದು ಒಯ್ಯುವ ಕಾರಣವಿಲ್ಲ. ಅದನ್ನು ಹುಡುಕುತ್ತ ಕಳೆಯುವ ಹೊತ್ತು ಪ್ರಾಣದ ಹೊತ್ತು.

ಕೊನೆಗೆ ನಾವು ಹೊಳೆಯ ಕಡೆಗೆ ನಡೆದೆವು. ದಂಡೆಯು ಕಂಡೊಡನೆ ಅಜ್ಜನು ಎಲ್ಲರನ್ನೂ ತಡೆದು, "ಅಕ್ಕಾವರ, ಹುಡಿಗ್ಯಾರನ್ನ ನೀರಿನ ಅಂಚಿಗೆ ಬಿಡಬ್ಯಾಡ್ರಿ. ಈಗ ಮೊಸಳಿ ಬಿಸಲಿಗೆ ಬಂದಿರ್ತಾವ" ಎಂದನು. ಎತ್ತರದ ದಡದಲ್ಲಿ ಕುಳಿತು ದುರ್ಬೀನಿನಿಂದ ನೋಡಿದೆವು. ಆಚೆಯ ಉಸುಕಿನ ಮೇಲೆ ಒಂದು ಮೊಸಳೆಯು ಬಾಯಿ 'ಆ' ಎಂದು ತೆರೆದುಕೊಂಡು ಮಲಗಿತ್ತು. ಅದು ಕೋಪವಲ್ಲ, ಮೈ ಹೆಚ್ಚು ಕಾಯದಂತೆ ಬಾಯಿಯ ತೇವದಿಂದ ತಂಪು ಮಾಡಿಕೊಳ್ಳುವ ರೀತಿ. ಹೆಣ್ಣು ಮೊಸಳೆಯು ಫೆಬ್ರುವರಿಯಿಂದ ಎಪ್ರಿಲದ ವರೆಗೆ ದಂಡೆಯ ಮಣ್ಣಿನಲ್ಲಿ ಕುಣಿ ತೋಡಿ ಸುಮಾರು ೨೫ರಿಂದ ೩೦ ಮೊಟ್ಟೆಗಳನ್ನಿಟ್ಟು ಮುಚ್ಚುವದು. ಸುಮಾರು ಎರಡು ತಿಂಗಳಲ್ಲಿ ಮರಿಗಳು ಒಳಗಿನಿಂದಲೇ ಕೂಗತೊಡಗುವವು. ತಾಯಿಯು ಆ ದನಿಯನ್ನು ಕೇಳಿ ಕುಣಿಯನ್ನು ತೋಡಿ, ಎಮ್ಮೆಯ ಎಲುಬನ್ನು ಮುರಿಯಬಲ್ಲ ಅದೇ ಬಾಯಿಯಲ್ಲಿ ಮರಿಗಳನ್ನು ಮೆಲ್ಲನೆ ಎತ್ತಿಕೊಂಡು ನೀರಿಗೆ ಒಯ್ಯುವದು. ಮರಿಗಳು ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬದನ್ನು ಮಣ್ಣಿನ ಶಾಖವು ನಿರ್ಣಯಿಸುವದು.

ಬೇಟೆಯಿಂದಲೂ ತೊಗಲಿನ ವ್ಯಾಪಾರದಿಂದಲೂ ದೇಶದಲ್ಲಿ ಮೊಸಳೆಗಳು ಅಳಿಯುವ ಸ್ಥಿತಿಗೆ ಬಂದಾಗ ೧೯೭೫ರಲ್ಲಿ ಸರಕಾರವು ಅವುಗಳ ಸಂರಕ್ಷಣೆಯ ಯೋಜನೆಯನ್ನು ಆರಂಭಿಸಿತು. ಇಂದು ಕೃಷ್ಣೆಯ ತೀರದಲ್ಲಿ ಮೊಸಳೆಗೂ ಮನುಷ್ಯನಿಗೂ ತಂಟೆಯುಂಟು. ಅರಿವೆ ಒಗೆಯುವ ಹೆಣ್ಣುಮಕ್ಕಳಿಗೂ ದನಗಳಿಗೆ ನೀರು ಕುಡಿಸುವ ಹುಡುಗರಿಗೂ ಭಯವು ಸುಳ್ಳಲ್ಲ. ಆದರೆ ಮೊಸಳೆಯ ಕಷ್ಟವೂ ಸುಳ್ಳಲ್ಲ. ೨೦೧೯ರ ಬೇಸಿಗೆಯಲ್ಲಿ ಈ ಭಾಗದ ಹೊಳೆಯು ಬತ್ತಿ ಕುಡಿಯುವ ನೀರಿಗೆ ಹಾಹಾಕಾರವೆದ್ದಿತ್ತು. ಅದೇ ವರ್ಷದ ಅಗಸ್ಟದಲ್ಲಿ ಮಹಾಪೂರವು ಬಂದು ಊರುಗಳನ್ನು ಮುಳುಗಿಸಿತು. ನೀರು ಬತ್ತಿದರೆ ಉಳಿದ ಮಡುಗಳಲ್ಲಿಯೇ ಮೊಸಳೆಯೂ ಇರಬೇಕು, ನಾವೂ ಕೊಡ ತುಂಬಬೇಕು. ಉಸುಕನ್ನು ಬಗೆದು ಒಯ್ದರೆ ಮೊಟ್ಟೆಯಿಡುವ ದಂಡೆಯೇ ಇಲ್ಲದಾಗುವದು. ಗೂಡು ಇರುವ ತಿಂಗಳುಗಳಲ್ಲಿ ಯಾವ ದಂಡೆಗೆ ಹೋಗಬಾರದೆಂದು ತಿಳಿದವನು ತಾನೂ ಬದುಕುವನು, ಮೊಸಳೆಯನ್ನೂ ಬದುಕಗೊಡುವನು.

ಸಂಜೆ ಮರಳಿ ಬಂದು ವಹಿಗಳನ್ನು ನೋಡಿದಾಗ, ಹದಿನೇಳು ಬಗೆಯ ಜೀವಿಗಳ ಅಥವಾ ಅವುಗಳ ಗುರುತುಗಳ ಹೆಸರುಗಳಿದ್ದವು. ಬರಿಗಣ್ಣಿಗೆ ಶೂನ್ಯವಾಗಿ ಕಂಡ ಬೇಸಿಗೆಯ ಹೊಲದಲ್ಲಿ ಇಷ್ಟು ಪ್ರಾಣಗಳು ಮಳೆಯ ದಾರಿ ಕಾಯುತ್ತಿದ್ದವು. ಜೂನ ತಿಂಗಳಲ್ಲಿ ಸತ್ತಿಯ ಕಡೆಯ ಬಾಲಿಕೆಯೊಬ್ಬಳು, ಎರೆಹೊಲದ ತಗ್ಗಿನಲ್ಲಿ ಮೊದಲ ಮಳೆಗೆ ಬಿಲಗಪ್ಪೆಗಳು ಕೂಗಿದವೆಂದೂ, ತನ್ನ ಮನೆಯ ಕಟ್ಟಿಗೆಯ ಒಟ್ಟಿಲನ್ನು ಗೋಡೆಯಿಂದ ದೂರ ಸರಿಸಿದ್ದಾರೆಂದೂ, ಅಜ್ಜಿಯು ಒಪ್ಪಿ ಹೊರಸಿನ ಮೇಲೆ ಮಲಗುತ್ತಿದ್ದಾಳೆಂದೂ ನಮಗೆ ಪತ್ರ ಬರೆದಳು. ಪರೀಕ್ಷೆಯ ಯಾವ ಉತ್ತರಪತ್ರಿಕೆಯೂ ನಮಗೆ ಅಷ್ಟು ಸಂತೋಷವನ್ನು ಕೊಟ್ಟಿರಲಿಲ್ಲ.

ಪ್ರಿಯ ಬಾಲಿಕೆಯರೇ, ತನ್ನ ಬಾವಿಯೇ ಜಗತ್ತೆಂದು ತಿಳಿದ ಕಪ್ಪೆಯ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಆ ಕಪ್ಪೆಯಂತೆ ಆಗಬೇಡಿರೆಂದು ನಾವು ನಿಮಗೆ ಹೇಳುತ್ತ ಬಂದಿದ್ದೇವೆ, ಇನ್ನೂ ಹೇಳುವೆವು. ಆದರೆ ದೂರದ ಸಮುದ್ರದ ಪಾಠವನ್ನೋದಿ ತನ್ನ ಬಾವಿಯೊಳಗೆ ಏನಿದೆಯೆಂದು ಬಗ್ಗಿ ನೋಡದವರ ಜ್ಞಾನವೂ ಅಪೂರ್ಣವೇ. ಬರುವ ವಸಂತದಲ್ಲಿ ನಿಮ್ಮ ನಿಮ್ಮ ಊರಿನ ಬೇಲಿ, ಬಾವಿ, ಹೊಲ, ಹೊಳೆಗಳನ್ನು ಹಿರಿಯರೊಡನೆ ನೋಡಿರಿ, ನೋಡಿದ್ದನ್ನು ಬರೆಯಿರಿ, ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿರಿ. ಮಳೆ ಬೀಳುವ ಮುಂಚೆ ಹೇಳಿರಿ.